ಟವರ್ ಯಾವ ಕಡೆಗಿದೆ? ಶಿಕಾಗೋಗೆ ಹೊಸದಾಗಿ ಬಂದವರಿಗೆ ಆಂಟೆನಾ ವಿಚಾರ

ಶಿಕಾಗೋ ಸುತ್ತಮುತ್ತ ಹೊಸದಾಗಿ ಸಂಸಾರ ಹೂಡಿದ ಕನ್ನಡದವರ ಮನೆಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ: "ಕೇಬಲ್ ಹಾಕಿಸಿಬಿಟ್ರಾ?" ಹೌದು ಅಂದರೆ ಸಂಕಟವಾಗುತ್ತದೆ. ನಾನು ಆರು ವರ್ಷ ಹೀಗೇ ದುಡ್ಡು ಸುರಿದವನು.

ನಮ್ಮ ಕಡೆ ಆಂಟೆನಾ ಅಂದರೆ ಮುಗಿದುಹೋದ ಕಾಲ. ಕೇಬಲ್ ಬಂದಾಗ ತಾರಸಿ ಮೇಲಿನ ಪೈಪು ಇಳಿಸಿ ಗುಜರಿಗೆ ಹಾಕಿದೆವು, ಆಮೇಲೆ ಡಿಶ್ ಬಂತು. ಅಂಥ ಊರಿನಿಂದ ಬಂದವನಿಗೆ ಅಮೆರಿಕದಲ್ಲಿ ಜನ ಇನ್ನೂ ಆಂಟೆನಾ ಇಟ್ಟುಕೊಂಡಿರುತ್ತಾರೆ ಅಂತ ಹೊಳೆಯುವುದಾದರೂ ಹೇಗೆ? ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಅಪಾರ್ಟ್‌ಮೆಂಟಿನ ಬೀಗದ ಕೈ ಸಿಕ್ಕ ವಾರವೇ ಇಂಟರ್ನೆಟ್ ಜೊತೆಗೆ ಕೇಬಲ್ ಕೂಡ ಬರೆಸಿಕೊಂಡೆ. ಮೊದಲ ವರ್ಷ ತಿಂಗಳಿಗೆ 70 ಡಾಲರ್ ಇದ್ದದ್ದು ನೋಡನೋಡುತ್ತ 130 ದಾಟಿತು. ಒಂದು ಭಾನುವಾರ ಬಿಲ್ಲನ್ನು ಸಾಲು ಸಾಲಾಗಿ ಓದಿದೆ. ಪೆಟ್ಟಿಗೆಯ ಬಾಡಿಗೆ ಬೇರೆ, ಅದರ ಕೆಳಗೆ 'ಬ್ರಾಡ್‌ಕಾಸ್ಟ್ ಟಿವಿ ಫೀ' ಅಂತ ಇನ್ನೊಂದು ಮೊತ್ತ. ಇದು ಯಾತಕ್ಕೆ ಅಂತ ಫೋನ್ ಮಾಡಿ ಕೇಳಿದರೆ, 2, 5, 7, 32 ಇವೆಲ್ಲ ಸ್ಥಳೀಯ ಚಾನೆಲ್‌ಗಳಿಗೆ ಅಂದರು.

ಅವೇ ಚಾನೆಲ್‌ಗಳು ಗಾಳಿಯಲ್ಲಿ ಪುಕ್ಕಟೆ ಬರುತ್ತವೆ! ಸಿಬಿಎಸ್, ಎನ್‌ಬಿಸಿ, ಎಬಿಸಿ, ಫಾಕ್ಸ್, ಮಕ್ಕಳು ನೋಡುವ ಪಿಬಿಎಸ್, ಎಲ್ಲವೂ. 1992ರ ಕಾನೂನಿನಂತೆ ಸ್ಟೇಷನ್‌ಗಳು ಕೇಬಲ್‌ನವರಿಂದ ದುಡ್ಡು ಕೇಳಬಹುದು. ಕೇಬಲ್‌ನವರು ಅದನ್ನು ನಮ್ಮ ತಲೆಗೆ ಕಟ್ಟುತ್ತಾರೆ. ಗಾಳಿಯಲ್ಲಿ ಬರುವ ಚಿತ್ರ ಎಷ್ಟೋ ಸಲ ಕೇಬಲ್‌ನದಕ್ಕಿಂತ ಚೊಕ್ಕಟವಾಗಿರುತ್ತದೆ, ಕೇಬಲ್‌ನವರು ನೂರಾರು ಚಾನೆಲ್ ತುರುಕಲು ಚಿತ್ರವನ್ನು ಇನ್ನಷ್ಟು ಹಿಂಡುತ್ತಾರೆ. ಇದನ್ನು ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಕೇಬಲ್ ಬಿಡುವ ಕಾಗದಪತ್ರ ಅರ್ಧ ಗಂಟೆಯ ಕೆಲಸ. ಕರಾರಿನ ಅವಧಿ ಮುಗಿದಿದೆಯಾ ನೋಡಿಕೊಳ್ಳಿ, ಪೆಟ್ಟಿಗೆ ವಾಪಸು ಕೊಟ್ಟು ರಸೀತಿ ಇಸಿದುಕೊಳ್ಳಿ, ಅಷ್ಟೇ.

ಆಂಟೆನಾ ಕೊಳ್ಳುವಾಗಲೂ ನಾನು ಎಡವಿದೆ. 'ಎಚ್‌ಡಿ ಡಿಜಿಟಲ್ ಆಂಟೆನಾ, 200 ಮೈಲಿ' ಅಂತ ಡಬ್ಬಿಯ ಮೇಲೆ ಬರೆದಿದ್ದನ್ನು ನಂಬಿದೆ. ಆಂಟೆನಾದಲ್ಲಿ ಡಿಜಿಟಲ್, ಅನಲಾಗ್ ಅಂತ ಬೇರೆ ಬೇರೆ ಜಾತಿ ಇಲ್ಲ. ಅದು ಲೋಹದ ತುಂಡು, ಅಲೆ ಹಿಡಿಯುತ್ತದೆ. 2009ರ ಜೂನ್ 12ರಂದು ಇಲ್ಲಿನ ದೊಡ್ಡ ಸ್ಟೇಷನ್‌ಗಳು ಅನಲಾಗ್ ನಿಲ್ಲಿಸಿದ ಮೇಲೂ ಹಳೇ ಆಂಟೆನಾಗಳು ಕೆಲಸ ಮಾಡುತ್ತಲೇ ಇವೆ. ಇನ್ನು 200 ಮೈಲಿ ಅನ್ನುವುದು ಶುದ್ಧ ಸುಳ್ಳು. ಭೂಮಿ ಗುಂಡಗಿದೆ, ಅರವತ್ತು ಎಪ್ಪತ್ತು ಮೈಲಿ ದಾಟಿದರೆ ದೊಡ್ಡ ಟವರ್‌ನ ಅಲೆಯೂ ಸಿಗುವುದು ಕಷ್ಟ. ಮನೆಯೊಳಗಿಡುವ ಆಂಟೆನಾ 20ರಿಂದ 40 ಡಾಲರಿನದು ಸಾಕು.

ತಂದು ಟಿವಿಯ ಬೆನ್ನಿಗೆ ಅಂಟಿಸಿ ಚಾನೆಲ್ ಹುಡುಕಲು ಬಿಟ್ಟೆ. ಒಂದೂ ಬರಲಿಲ್ಲ. ಸೆಟ್ಟಿಂಗ್‌ನಲ್ಲಿ 'ಕೇಬಲ್' ಅಂತಲೇ ಇತ್ತು, ಅದನ್ನು 'ಆಂಟೆನಾ' ಅಂತ ಬದಲಿಸಬೇಕಿತ್ತು. ಬದಲಿಸಿದ ಮೇಲೆ ಮೂವತ್ತರಷ್ಟು ಬಂದವು, ಒಂದೊಂದು ಸ್ಟೇಷನ್ನೂ 11-1, 11-2 ಅಂತ ಮರಿ ಹಾಕಿಕೊಂಡು. ಮಕ್ಕಳಿಗೆ 11-4ರಲ್ಲಿ ಪಿಬಿಎಸ್ ಕಿಡ್ಸ್ ಸಿಕ್ಕಿತು. ಆದರೆ ಚಾನೆಲ್ 2 ಮಾತ್ರ ಇಲ್ಲ. ಭಾನುವಾರ ಬೇರ್ಸ್ ತಂಡದ ಫುಟ್‌ಬಾಲ್ ಕೆಲವು ಸಲ ಅದರಲ್ಲೇ ಬರುವುದು, ಸೋಮವಾರ ಶಾಲೆಯಲ್ಲಿ ಮಕ್ಕಳ ಮಾತೆಲ್ಲ ಅದೇ. ಮಗ ಮುಖ ಸಣ್ಣ ಮಾಡಿಕೊಂಡು ಓಡಾಡಿದ. ನಾನು ಸಿಗ್ನಲ್ ಹೆಚ್ಚಿಸುವ ಯಂತ್ರ ಕೊಂಡೆ, ಉದ್ದದ ವೈರ್ ಕೊಂಡೆ. ಮತ್ತೆ ಕೇಬಲ್‌ಗೇ ಹೋಗೋಣ ಅನ್ನುವ ಹಂತಕ್ಕೆ ಬಂದೆ.

ಆ ಬೇಸಿಗೆ ಅಪ್ಪ ಅಮ್ಮ ತುಮಕೂರಿನಿಂದ ಬಂದರು. ಅಪ್ಪ ಎರಡು ದಿನ ನನ್ನ ಒದ್ದಾಟ ನೋಡಿ ಒಂದೇ ಮಾತು ಕೇಳಿದರು: "ಟವರ್ ಯಾವ ಕಡೆಗಿದೆಯೋ?"

ನನಗೆ ಗೊತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ತುಮಕೂರಿನ ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರು ದೂರದರ್ಶನವನ್ನು ಹಿಡಿದವರು ಅಪ್ಪ. ಮೇಲೆ ಅವರು ತಿರುಗಿಸುತ್ತಿದ್ದರು, ಕಿಟಕಿಯಲ್ಲಿ ಅಮ್ಮ, ಟಿವಿ ಮುಂದೆ ನಾನು. "ಬಂತಾ?" "ಬಂತು… ಇಲ್ಲ, ಹೋಯ್ತು, ಇನ್ನೊಂಚೂರು!" ಮನೆ ಹುಡುಕುವಾಗ ಬಾಗಿಲು ಪೂರ್ವಕ್ಕಿದೆಯಾ ಅಂತ ನೋಡಿದ ನಾನು ಟವರಿನ ದಿಕ್ಕು ನೋಡಿರಲಿಲ್ಲ.

ಟಿವಿ, ರೇಡಿಯೋ ಪ್ರಸಾರ ನೋಡಿಕೊಳ್ಳುವ ಇಲ್ಲಿನ ಎಫ್‌ಸಿಸಿ ಇಲಾಖೆಯ ನಕ್ಷೆಗೆ ವಿಳಾಸ ಕೊಟ್ಟರೆ ಯಾವ ಸ್ಟೇಷನ್ ಯಾವ ದಿಕ್ಕಿಗೆ, ಎಷ್ಟು ಬಲವಾಗಿ ಬರುತ್ತದೆ ಅಂತ ತೋರಿಸುತ್ತದೆ. ನಮ್ಮ ಮನೆಯಿಂದ ಪೂರ್ವಕ್ಕೆ, ತುಸು ಈಶಾನ್ಯಕ್ಕೆ ವಾಲಿ, 28 ಮೈಲಿ ದೂರದಲ್ಲಿ, ನೆತ್ತಿಯ ಮೇಲೆ ಪ್ರಸಾರದ ಕಂಬಗಳಿರುವ ವಿಲ್ಲಿಸ್ ಟವರ್ ಕಟ್ಟಡ, ಹಳಬರು ಈಗಲೂ ಸಿಯರ್ಸ್ ಟವರ್ ಅನ್ನುವುದು. ತುಮಕೂರಿನಿಂದ ಬೆಂಗಳೂರಿಗಿರುವಷ್ಟು ದೂರವೂ ಇಲ್ಲ. ಚಾನೆಲ್ 2 ಅಂತ ಪರದೆಯ ಮೇಲೆ ಬರುವುದು ಹೆಸರಿಗೆ ಮಾತ್ರ. ನಿಜಕ್ಕೂ ಅದು ಪ್ರಸಾರವಾಗುವುದು 12ನೇ ಚಾನೆಲ್‌ನಲ್ಲಿ, ಅಂದರೆ ವಿಎಚ್‌ಎಫ್ ಅನ್ನುವ ಉದ್ದ ಅಲೆಯ ಪಟ್ಟಿಯಲ್ಲಿ. ಉಳಿದ ದೊಡ್ಡ ಚಾನೆಲ್‌ಗಳು ಯುಎಚ್‌ಎಫ್ ಅನ್ನುವ ಗಿಡ್ಡ ಅಲೆಯ ಪಟ್ಟಿಯಲ್ಲಿವೆ. ನಾನು ಕೊಂಡಿದ್ದ ಕಾಗದದಂಥ ಚಪ್ಪಟೆ ಆಂಟೆನಾ ಯುಎಚ್‌ಎಫ್ ಚೆನ್ನಾಗಿ ಹಿಡಿಯುತ್ತದೆ, ವಿಎಚ್‌ಎಫ್‌ನ ಉದ್ದ ಅಲೆಗೆ ಅದು ಸಾಲದು. ಅದಕ್ಕೆ ಎಳೆದು ಉದ್ದ ಮಾಡುವ ಎರಡು ಕಡ್ಡಿ ಬೇಕು. ಗುಜರಿಗೆ ಹಾಕಿದ್ದೆವಲ್ಲ, ಅಂಥದ್ದೇ ಕಡ್ಡಿ.

ಹಳೇ ಸಾಮಾನಿನ ಅಂಗಡಿಯಲ್ಲಿ 5 ಡಾಲರಿಗೆ ಸಿಕ್ಕಿತು. ಅಪ್ಪ ಒಂದೊಂದು ಕಡ್ಡಿಯನ್ನೂ ಹದಿನಾಲ್ಕು ಇಂಚಿನಷ್ಟು ಎಳೆದು, ಎಡಕ್ಕೊಂದು ಬಲಕ್ಕೊಂದು ಅಡ್ಡ ಮಲಗಿಸಿ, ಅಗಲದ ಮೈ ಟವರಿನ ಕಡೆ ಬರುವಂತೆ ಮಹಡಿಯ ಪೂರ್ವದ ಕಿಟಕಿಯಲ್ಲಿಟ್ಟರು. ಊರಿನ ರೂಢಿಯಂತೆ ತಿರುಗಿಸುತ್ತ "ಬಂತಾ?" ಅಂದರು. ಇಲ್ಲೊಂದು ವ್ಯತ್ಯಾಸವಿದೆ, ಗಮನಿಸಿ. ಅನಲಾಗ್‌ನಲ್ಲಿ ಚುಕ್ಕೆಗಳ ನಡುವೆ ಮಸುಕಾಗಿಯಾದರೂ ಚಿತ್ರ ಬರುತ್ತಿತ್ತು, ತಿರುಗಿಸಿದ ಹಾಗೆ ತಿಳಿಯಾಗುತ್ತಿತ್ತು. ಡಿಜಿಟಲ್‌ನಲ್ಲಿ ಬಂದರೆ ಪೂರ್ತಿ, ಇಲ್ಲದಿದ್ದರೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಒಂಚೂರು ತಿರುಗಿಸಿ, ಕೈ ಬಿಟ್ಟು ನಾಲ್ಕೈದು ಸೆಕೆಂಡ್ ಕಾಯಬೇಕು. ಟಿವಿಯ ಸಿಗ್ನಲ್ ಮೀಟರ್ ನೋಡಬೇಕು. ಮೊಮ್ಮಗ ಮೀಟರ್ ಓದಿದ: "ತಾತಾ, ಫಾರ್ಟಿ… ಸಿಕ್ಸ್ಟಿ ಫೈವ್… ಸ್ಟಾಪ್!" ಚಾನೆಲ್ 2 ಬಂತು. ಅಪ್ಪ ಅಲ್ಲಿಂದ ಅಲ್ಲಾಡದೆ ಅರ್ಧ ಗಂಟೆ ಅಡುಗೆ ಕಾರ್ಯಕ್ರಮವೊಂದನ್ನು ನೋಡಿದರು.

ನೆಲಮಾಳಿಗೆಯಲ್ಲಿ ಟಿವಿ ಇಟ್ಟವರು ಆಂಟೆನಾವನ್ನು ಮೇಲಿಟ್ಟು ವೈರ್ ಇಳಿಸಿ. ಕೆಲವು ಹೊಸ ಕಿಟಕಿಗಳ ಗಾಜಿಗೆ ಬಿಸಿಲು ತಡೆಯಲು ತೆಳು ಲೋಹದ ಲೇಪವಿರುತ್ತದೆ, ಅದು ಅಲೆಯನ್ನೂ ತಡೆಯುತ್ತದೆ. ಆಗ ಪಕ್ಕದ ಗೋಡೆಯಲ್ಲಿಟ್ಟು ನೋಡಿ. ಅಪಾರ್ಟ್‌ಮೆಂಟಿನವರು ಬೇಡ ಅಂದರೆ ಹೆದರಬೇಡಿ. ನಿಮ್ಮೊಬ್ಬರದೇ ಆದ ಬಾಲ್ಕನಿಯಲ್ಲಿ ಟಿವಿ ಆಂಟೆನಾ ಇಡುವುದನ್ನು ಮಾಲೀಕರು ತಡೆಯುವಂತಿಲ್ಲ ಅಂತ 1999ರಿಂದ ಎಫ್‌ಸಿಸಿ ನಿಯಮವಿದೆ.

ಆಂಟೆನಾದಲ್ಲಿ ಕನ್ನಡ ಬರುವುದಿಲ್ಲ. ಕ್ರಿಕೆಟ್ಟೂ ಇಲ್ಲದಂತೆಯೇ. ಅವಕ್ಕೆ ಇಂಟರ್ನೆಟ್ಟೇ ಗತಿ. ಹಾಗಾಗಿ ಅಮ್ಮ ತನ್ನ ಧಾರಾವಾಹಿಯನ್ನು ಕೋಣೆಯಲ್ಲಿ ಟ್ಯಾಬ್‌ನಲ್ಲಿ ನೋಡುತ್ತಾಳೆ, ಮಗಳು ಕಿವಿಗೆ ಸಿಕ್ಕಿಸಿಕೊಂಡು ಇನ್ನೇನೋ. ತುಮಕೂರಿನಲ್ಲಿ ಅಕ್ಕಪಕ್ಕದ ಮನೆಯವರೂ ಬಂದು ಚಾಪೆ ಮೇಲೆ ಕೂತು ಒಂದೇ ಪೆಟ್ಟಿಗೆ ನೋಡುತ್ತಿದ್ದೆವು. ಅದನ್ನು ಮಕ್ಕಳಿಗೆ ಕೊಡಲು ನನ್ನಿಂದಾಗಲಿಲ್ಲ, ಆ ನೋವು ಇದೆ. ಆದರೂ ಹಿಮ ಬೀಳುವ ಬೆಳಿಗ್ಗೆ ಶಾಲೆಗೆ ರಜೆಯಾ ಅಂತ, ಬೇಸಿಗೆಯ ಸಂಜೆ ಸುಂಟರಗಾಳಿ ಯಾವ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಬಂತು ಅಂತ ಎಲ್ಲರೂ ಒಂದೇ ಟಿವಿ ಮುಂದೆ ನಿಲ್ಲುತ್ತೇವೆ. ಇಂಟರ್ನೆಟ್ ಹೋದರೂ ಅದು ಬರುತ್ತದೆ. ವಿಲ್, ಡುಪೇಜ್, ಕೇನ್ ಅಂತ ಕೌಂಟಿಗಳ ಹೆಸರು ಅಮ್ಮ ಕಲಿತದ್ದು ಆ ಹವಾಮಾನದ ನಕ್ಷೆ ನೋಡಿಯೇ. ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳುತ್ತಾಳೆ, "ನಿಮ್ಮ ಡುಪೇಜ್‌ನಲ್ಲಿ ಹಿಮ ಬಿತ್ತಾ?"

ಕೊನೆಗೆ ಒಂದು ಬೇಡಿಕೆ. ಮುಂದಿನ ಬೇಸಿಗೆಗೆ ನಿಮ್ಮ ಅಪ್ಪನೋ ಮಾವನೋ ಬರುವವರಿದ್ದರೆ ಆಂಟೆನಾ ತಂದಿಡಿ, ಕಟ್ಟಬೇಡಿ. ಆರು ತಿಂಗಳು ಇಲ್ಲಿ ಅವರಿಗೆ ಕಾರು ಓಡಿಸುವಂತಿಲ್ಲ, ಅಂಗಡಿಗೆ ನಡೆದು ಹೋಗುವಂತಿಲ್ಲ, ಯಾವ ಕೆಲಸಕ್ಕೂ ಯಾರೂ ಅವರನ್ನು ಕರೆಯುವುದಿಲ್ಲ. ಈ ಕೆಲಸ ಅವರಿಗೆ ಬರುತ್ತದೆ. ಕಡ್ಡಿ ಅವರ ಕೈಗೆ ಕೊಟ್ಟು, ಮೀಟರ್ ಓದಲು ಮಕ್ಕಳನ್ನು ಕೂರಿಸಿ, ನೀವು ಕಿಟಕಿಯ ಹತ್ತಿರ ನಿಂತುಕೊಳ್ಳಿ.