ಕಂಪ್ರೆಸರ್ ಕೊಳ್ಳುವಾಗ, ಬಳಸಿದ ಮೇಲೆ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಟ್ರ್ಯಾಕ್ಟರ್ ಇರುವ ಮನೆಗಳ ಕೊಟ್ಟಿಗೆಯಲ್ಲಿ ಈಗ ಚಕ್ರವಿರುವ ಸಣ್ಣ ಏರ್ ಕಂಪ್ರೆಸರ್ ಕಾಣಸಿಗುತ್ತದೆ. ಕಬ್ಬು ತುಂಬಿದ ಟ್ರೈಲರಿನ ಟೈರು ಗದ್ದೆ ಬದಿಯಲ್ಲಿ ಇಳಿದುಹೋದರೆ ಪಂಕ್ಚರ್ ಅಂಗಡಿಯವರನ್ನು ಕಾಯುವ ಕಷ್ಟ ಅದರಿಂದ ತಪ್ಪುತ್ತದೆ. ಆದರೆ ಕೊಂಡ ದಿನದಿಂದ ಒಮ್ಮೆಯೂ ಟ್ಯಾಂಕಿನ ನೀರು ತೆಗೆಯದೆ ಅದನ್ನು ಓಡಿಸುತ್ತಿರುವವರನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಈ ಲೇಖನದ ಹೆಚ್ಚಿನ ಭಾಗ ಆ ಒಂದು ಕೆಲಸಕ್ಕೇ ಮೀಸಲು.

ಮೊದಲು ಆಯ್ಕೆ. ಬೈಕು, ಕಾರುಗಳಿಗಷ್ಟೇ ಬೇಕಿದ್ದರೆ 12 ವೋಲ್ಟಿನ ಸಣ್ಣ ಇನ್‌ಫ್ಲೇಟರ್ ಸಾಕು. ಹತ್ತು ನಿಮಿಷ ಓಡಿಸಿದ ಮೇಲೆ ಅದನ್ನು ಆರಲು ಬಿಡಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 150 ಪಿಎಸ್‌ಐ ನೋಡಿ ಮರುಳಾಗಬೇಡಿ. ಸಣ್ಣ ಕಾರಿನ ಟೈರಿಗೆ ಬೇಕಿರುವುದು ಸಾಮಾನ್ಯವಾಗಿ 30ರಿಂದ 35. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಒತ್ತಡ ಅದಕ್ಕಿಂತಲೂ ಕಡಿಮೆ, ಆದರೆ ಗಾಳಿಯ ಪ್ರಮಾಣ ಹಲವು ಪಟ್ಟು ಹೆಚ್ಚು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, ಯಂತ್ರ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿಯನ್ನು ನಿಜವಾಗಿ ಹೊರಗೆ ಕೊಡುತ್ತದೆ ಎಂಬುದು. ಪಿಸ್ಟನ್ನಿನ ಅಳತೆಯಿಂದ ಲೆಕ್ಕ ಹಾಕಿ ಬರೆದ ಅಂಕಿ ಯಾವಾಗಲೂ ಅದಕ್ಕಿಂತ ದೊಡ್ಡದಿರುತ್ತದೆ. ಟ್ರ್ಯಾಕ್ಟರ್ ಇರುವವರು 50 ಲೀಟರ್ ಟ್ಯಾಂಕಿನ, ಆಯಿಲ್ ಹಾಕುವ, ಬೆಲ್ಟಿನಿಂದ ತಿರುಗುವ 2 ಎಚ್‌ಪಿ ಯಂತ್ರವನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ಹೊಸ ಬಣ್ಣ ಬಳಿದ ಹಳೆಯ ಟ್ಯಾಂಕನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ಮಾತು: ಯಂತ್ರ ದೂರ ಹೋಗಬೇಕಾದರೆ ವೈರನ್ನು ಉದ್ದ ಮಾಡಬೇಡಿ, ಗಾಳಿಯ ಹೋಸನ್ನು ಉದ್ದ ಮಾಡಿ. ತೆಳುವಾದ ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿನಲ್ಲಂತೂ ಮೋಟಾರು ತಿರುಗದೆ ಬರಿದೇ ಗುಂಯ್‌ಗುಡುತ್ತ ಸುಟ್ಟುಹೋಗುತ್ತದೆ. ಹೋಸಿಗೆ ಬದಲು ತೋಟದ ಪಿವಿಸಿ ಪೈಪು ಜೋಡಿಸುವ ಅಡ್ಡದಾರಿ ಇನ್ನೂ ಅಪಾಯದ್ದು, ಏಕೆಂದರೆ ಗಾಳಿಯ ಒತ್ತಡಕ್ಕೆ ಪಿವಿಸಿ ಸೀಳುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ.

ಟೈರು ತಣ್ಣಗಿರುವಾಗ, ಅದರ ಪಕ್ಕದ ಮೈಗೆ ಎದುರಾಗಿ ನಿಲ್ಲದೆ, ಗೇಜು ನೋಡುತ್ತ ಗಾಳಿ ತುಂಬಿ.

ಇನ್ನು ನೀರು. 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಗಾಳಿಯನ್ನು ಎಂಟನೆಯ ಒಂದು ಭಾಗಕ್ಕೆ ಒತ್ತಿ ಮತ್ತೆ ಅದೇ ಶಾಖಕ್ಕೆ ತಣಿಸಿದರೆ ಅದರಲ್ಲಿ ಉಳಿಯಬಲ್ಲದ್ದು 4 ಗ್ರಾಂಗೂ ಕಡಿಮೆ. ಮಿಕ್ಕದ್ದೆಲ್ಲ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ, ನಾಲೆ ಬಯಲಿನ ತೇವದ ಗಾಳಿಯಲ್ಲಿ ಇದು ದಿನವೂ ನಡೆಯುತ್ತದೆ. ಆ ನೀರು ಉಕ್ಕಿನ ತಗಡನ್ನು ಒಳಗಿನಿಂದ ತಿನ್ನುತ್ತ ಬರುವುದರಿಂದ, ಹೊರಗೆ ಬಣ್ಣ ಹೊಳೆಯುತ್ತಿದ್ದರೂ ತಳ ತೆಳುವಾಗಿ ಒಂದು ದಿನ ಒಡೆಯಬಹುದು.

ತೆಗೆಯುವ ಕ್ರಮ ಹೀಗೆ. ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸಿ ಪ್ಲಗ್ಗನ್ನು ಕಿತ್ತುಬಿಡಿ. ಹೋಸಿನ ಮೂಲಕ ಗಾಳಿ ಬಿಟ್ಟು ಟ್ಯಾಂಕಿನ ಗೇಜು 1 ಅಥವಾ 2 ಬಾರ್‌ಗೆ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ) ಇಳಿಯುವವರೆಗೆ ಕಾಯಿರಿ. ಪೂರ್ತಿ 8 ಬಾರ್ ಇರುವಾಗಲೇ ತಳದ ಡ್ರೈನ್ ವಾಲ್ವ್ ತಿರುಗಿಸಿದರೆ ತುಕ್ಕಿನ ಚೂರುಗಳು ಕಣ್ಣಿಗೆ ಹಾರುತ್ತವೆ. ಒತ್ತಡ ಪೂರ್ತಿ ಹೋದ ಮೇಲೆ ತಿರುಗಿಸಿದರೆ ನೀರನ್ನು ಹೊರಗೆ ತಳ್ಳುವ ಬಲವೇ ಉಳಿದಿರುವುದಿಲ್ಲ. ಕನ್ನಡಕ ಹಾಕಿಕೊಂಡು, ಕೆಳಗೆ ಹಳೆಯ ತಟ್ಟೆಯೊಂದನ್ನಿಟ್ಟು, ಟ್ಯಾಂಕನ್ನು ವಾಲ್ವಿನ ಕಡೆಗೆ ತುಸು ಬಾಗಿಸಿ, ಕಾಲು ಸುತ್ತಿನಷ್ಟು ಮಾತ್ರ ನಿಧಾನವಾಗಿ ತಿರುಗಿಸಿ. ಮೊದಲು ಕಂದು ನೀರು, ಆಮೇಲೆ ತುಂತುರು, ಕೊನೆಗೆ ಬರಿಯ ಗಾಳಿ ಬರುತ್ತದೆ. ಬರಿಯ ಗಾಳಿ ಬಂದ ಮೇಲೂ ಮತ್ತೊಮ್ಮೆ ಬಾಗಿಸಿ ನೋಡಿ, ಏಕೆಂದರೆ ಹಲವು ಯಂತ್ರಗಳಲ್ಲಿ ವಾಲ್ವ್ ತೀರ ತಳದಲ್ಲಿರುವುದಿಲ್ಲ. ಮುಂದಿನ ಬಳಕೆಯವರೆಗೆ ವಾಲ್ವನ್ನು ತೆರೆದೇ ಇಡಿ. ನೀರು ಹಾಲಿನಂತೆ ಬೆಳ್ಳಗಿದ್ದರೆ ಅದರಲ್ಲಿ ಆಯಿಲ್ ಬೆರೆತಿದೆ ಎಂದರ್ಥ. ಅದನ್ನು ನಾಲೆಗೋ ಚರಂಡಿಗೋ ಚೆಲ್ಲಬಾರದು.

ಸೇಫ್ಟಿ ವಾಲ್ವಿನಲ್ಲಿ ಗಾಳಿ ಸೋರುತ್ತದೆಂದು ಅದನ್ನು ಬಿಚ್ಚಿ ಬೋಲ್ಟು ಬಿಗಿದವರನ್ನೂ ಕಂಡಿದ್ದೇನೆ. ಒತ್ತಡ ಮಿತಿಮೀರಿದಾಗ ಟ್ಯಾಂಕನ್ನು ಉಳಿಸುವುದು ಅದೊಂದೇ. ಹಾಳಾಗಿದ್ದರೆ ಅದೇ ಒತ್ತಡದ ಹೊಸದನ್ನು ಹಾಕಿಸಿ. ಮೈ, ಬಟ್ಟೆಗಳ ದೂಳನ್ನು ಇದರ ಗಾಳಿಯಿಂದ ಕೊಡವಿಕೊಳ್ಳುವ ಅಭ್ಯಾಸವನ್ನು ಇಂದೇ ಬಿಡಿ. ತಮಾಷೆಗೂ ಯಾರ ದೇಹದತ್ತಲೂ ನಳಿಗೆ ತಿರುಗಿಸಬೇಡಿ: 2024ರಲ್ಲಿ ಬೆಂಗಳೂರಿನ ವಾಹನ ಸರ್ವಿಸ್ ಕೇಂದ್ರವೊಂದರಲ್ಲಿ ಹಾಗೆ ಮಾಡಿದ್ದರಿಂದ ಯುವಕನೊಬ್ಬ ಪ್ರಾಣ ಕಳೆದುಕೊಂಡ.

ತಳದಿಂದ ಕೆಂಪು ಹೊಪ್ಪಳಿಕೆಗಳು ಬರತೊಡಗಿದರೆ, ಅಥವಾ ಸೂಜಿಮೊನೆಯಷ್ಟು ಸೋರಿಕೆ ಕಂಡರೂ, ವೆಲ್ಡಿಂಗ್ ತೇಪೆಗೆ ಹೋಗಬೇಡಿ. ಸುತ್ತಲಿನ ತಗಡೂ ಅಷ್ಟೇ ಸವೆದಿರುತ್ತದೆ. ಸೋರದೆ ಬರಿಯ ಅನುಮಾನವಿರುವ ಟ್ಯಾಂಕನ್ನು ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸುವವರಲ್ಲಿಗೆ ಒಯ್ಯಿರಿ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪರೀಕ್ಷೆಯಲ್ಲಿ ಟ್ಯಾಂಕು ಬಿರಿದರೂ ಸ್ಫೋಟದ ಬಲವಿರುವುದಿಲ್ಲ. ಅದರಲ್ಲಿ ಸೋತ ಟ್ಯಾಂಕಿನ ಗಾಳಿಯನ್ನೆಲ್ಲ ಬಿಟ್ಟು, ಮೈಗೆ ನಾಲ್ಕು ಕಡೆ ದೊಡ್ಡ ತೂತು ಕೊರೆಸಿದ ಮೇಲೆಯೇ ಗುಜರಿಗೆ ಹಾಕಿ. ಇಲ್ಲದಿದ್ದರೆ ಅದೇ ಟ್ಯಾಂಕು ಹೊಸ ಬಣ್ಣ ಬಳಿಸಿಕೊಂಡು ಇನ್ನೊಬ್ಬರ ಕೊಟ್ಟಿಗೆ ಸೇರುತ್ತದೆ.