ಗಲ್ಲಾದ ಕೆಳಗಿನ ಸರ್ವರ್‌ಗೆ ಕಾಕ್‌ಪಿಟ್ ಹಾಕಿದ್ದು

ಮಾಟುಂಗಾದ ಉಡುಪಿ ಹೋಟೆಲೊಂದರ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಅಂದರೆ ದೊಡ್ಡದೇನಲ್ಲ, ಗಲ್ಲಾದ ಕೆಳಗೆ ಕೂತ 4 ಜಿಬಿ ರ‍್ಯಾಮ್‌ನ ಹಳೇ ಪಿಸಿ. ಅದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್, ಅದೂ ಮಿನಿಮಲ್. ಇನ್‌ಸ್ಟಾಲರ್ ಕೊನೆಗೆ ತೋರಿಸುವ ಪಟ್ಟಿಯಲ್ಲಿ ಡೆಸ್ಕ್‌ಟಾಪ್‌ನ ಟಿಕ್ಕುಗಳನ್ನೆಲ್ಲ ತೆಗೆದು ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಸರ್ವರ್, ಸ್ಟ್ಯಾಂಡರ್ಡ್ ಯುಟಿಲಿಟಿ ಇವೆರಡನ್ನೇ ಉಳಿಸಿದ್ದೆ. "ಇದ್ರಲ್ಲಿ ನೋಡ್ಲಿಕ್ಕೆ ಏನೂ ಇಲ್ವಲ್ಲ ಮಾರಾಯ, ಬರೀ ಕಪ್ಪು!" ಅಂದರು ಶೆಟ್ರು. ಅವರ ಮಾತಲ್ಲೂ ನ್ಯಾಯವಿತ್ತು. ಡಿಸ್ಕ್ ತುಂಬಿತಾ, ರಾತ್ರಿಯ ಬ್ಯಾಕಪ್ ಆಯಿತಾ ಅಂತ ತಿಳಿಯಲಿಕ್ಕೂ ಮ್ಯಾನೇಜರ್ ನನಗೇ ಫೋನ್ ಮಾಡಬೇಕಿತ್ತು. ನಾನೋ ಡೊಂಬಿವಲಿ ಲೋಕಲ್‌ನಲ್ಲಿ ನೇತಾಡುತ್ತ ಫೋನಿನಲ್ಲೇ ಟರ್ಮಿನಲ್ ತೆರೆಯಬೇಕು.

ಸರ್ವರ್‌ನ ಸ್ಥಿತಿಯನ್ನು ಮ್ಯಾನೇಜರ್ ಬ್ರೌಸರ್‌ನಲ್ಲೇ ನೋಡುವಂಥದ್ದು ಬೇಕಿತ್ತು. ಅದಕ್ಕೆ ವೆಬ್‌ಮಿನ್ ಇದೆ, ಕಾಕ್‌ಪಿಟ್ ಇದೆ. ವೆಬ್‌ಮಿನ್ ನನಗೆ ಹಳೇ ಪರಿಚಯ. 1997ರಿಂದ ಇರುವ, ಪರ್ಲ್‌ನಲ್ಲಿ ಬರೆದ, 10000ನೇ ಪೋರ್ಟ್ ಎಂಬ ನೆಟ್‌ವರ್ಕ್ ಬಾಗಿಲಲ್ಲಿ ಕೂರುವ ಸಾಫ್ಟ್‌ವೇರ್ ಅದು. ಅದರಲ್ಲಿ ಮಾಡಲಾಗದ್ದೇ ಕಡಿಮೆ, ನನಗೆ ಬೇಡವಾದದ್ದೂ ಅದೇ. ಸಾಲದ್ದಕ್ಕೆ ಡೆಬಿಯನ್‌ನ ಸ್ವಂತ ರೆಪೊಸಿಟರಿಯಲ್ಲಿ (ಸಾಫ್ಟ್‌ವೇರ್ ಭಂಡಾರದಲ್ಲಿ) ಅದಿಲ್ಲ, ಬೇರೆ ರೆಪೊ ಸೇರಿಸಬೇಕು. 2019ರಲ್ಲಿ ಅದರ ಕೆಲವು ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ತೂರಿಸಿದ್ದು ಬಯಲಾಗಿ, 1.930ರಲ್ಲಿ ಸರಿಪಡಿಸಿದರು. ಈಗದು ಮುಗಿದ ಕಥೆ. ಆದರೂ ಗಲ್ಲಾದ ಹುಡುಗರ ಕೈಗೆ ಅಷ್ಟೆಲ್ಲ ಅಧಿಕಾರದ ಪ್ಯಾನೆಲ್ ಏಕೆ? ಕಾಕ್‌ಪಿಟ್ ಡೆಬಿಯನ್‌ನ ರೆಪೊದಲ್ಲೇ ಇದೆ, ಯಾರೂ ತೆರೆಯದಿದ್ದಾಗ ಸುಮ್ಮನೆ ಮಲಗಿರುತ್ತದೆ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ 9090ನೇ ಪೋರ್ಟ್‌ಗೆ ಕಿವಿಗೊಟ್ಟು ಕೂತಿರುತ್ತದೆ. ಯಾರಾದರೂ ಬಂದರೆ ಮಾತ್ರ ವೆಬ್ ಸರ್ವರ್ ಏಳುತ್ತದೆ, ಕೆಲಸವಿಲ್ಲದೆ 90 ಸೆಕೆಂಡ್ ಕಳೆದರೆ ತಾನೇ ನಿಲ್ಲುತ್ತದೆ. ಹಳೇ ಪಿಸಿಗೆ ಇದಕ್ಕಿಂತ ಬೇರೇನು ಬೇಕು!

ಮೊದಲು ಮನೆಯ ವರ್ಚುವಲ್ ಮಷಿನ್‌ನಲ್ಲಿ ಹಾಕಿ ನೋಡಿದೆ. ಅಲ್ಲಿ ಸಾಫ್ಟ್‌ವೇರ್ ಹಾಕಿಕೊಡುವ ಆಪ್ಟ್‌ಗೆ ಕಾಕ್‌ಪಿಟ್ ಎಂದಷ್ಟೇ ಹೇಳಿದ್ದಕ್ಕೆ ರೆಕಮೆಂಡೆಡ್ (ಇದ್ದರೆ ಒಳ್ಳೆಯದೆಂಬ) ಪ್ಯಾಕೇಜ್‌ಗಳೆಲ್ಲ ಹಿಂಬಾಲಿಸಿದವು, ನೆಟ್‌ವರ್ಕ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್ ಕೂಡ. ಅಪ್‌ಡೇಟ್ ಪುಟ ತೆರೆದರೆ 'ನೀವು ಆಫ್‌ಲೈನ್' ಎಂಬ ಅರ್ಥದ ಎರರ್. ಇಂಟರ್ನೆಟ್ ಸೊಗಸಾಗಿ ನಡೆಯುತ್ತಿದೆ, ಬ್ರೌಸರ್‌ನಲ್ಲಿ ಪುಟವೂ ಕಾಣುತ್ತಿದೆ! ಕಾರಣ ಇಷ್ಟೇ. ಮಿನಿಮಲ್ ಡೆಬಿಯನ್‌ನಲ್ಲಿ ನೆಟ್‌ವರ್ಕ್ ನಡೆಸುವುದು ಹಳೇ ಇಂಟರ್‌ಫೇಸಸ್ ಫೈಲ್. ಅದರಲ್ಲಿ ಹೆಸರಿರುವ ನೆಟ್‌ವರ್ಕ್ ಕಾರ್ಡನ್ನು ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ. ಅಪ್‌ಡೇಟ್ ಮಾಡುವ ಪ್ಯಾಕೇಜ್‌ಕಿಟ್ ಹೋಗಿ ಕೇಳುವುದು ಅದೇ ನೆಟ್‌ವರ್ಕ್ ಮ್ಯಾನೇಜರನ್ನು. ತನ್ನ ಕೈಯಲ್ಲಿ ಒಂದು ಕಾರ್ಡೂ ಇಲ್ಲದ ಅದು 'ನೆಟ್ ಇಲ್ಲ' ಅನ್ನುತ್ತದೆ. ಸುಳ್ಳು ಇಂಟರ್‌ಫೇಸ್ ಒಂದನ್ನು ಹುಟ್ಟಿಸಿ ಅದನ್ನು ನಂಬಿಸುವ ಉಪಾಯವಿದೆ, ನನಗದು ಹಿಡಿಸಲಿಲ್ಲ. ಹೋಟೆಲ್‌ನಲ್ಲಿ ಹಾಕುವಾಗ ರೆಕಮೆಂಡ್ಸ್ ಬೇಡವೆಂದು ಆಪ್ಟ್‌ಗೆ ಹೇಳಿ, ಸ್ಟೋರೇಜ್ ಮತ್ತು ಪ್ಯಾಕೇಜ್‌ಕಿಟ್ ಭಾಗಗಳನ್ನು ಮಾತ್ರ ಹೆಸರು ಹಿಡಿದು ಕರೆದೆ. ನೆಟ್‌ವರ್ಕ್ ಮ್ಯಾನೇಜರೇ ಇಲ್ಲ, ತಕರಾರೂ ಇಲ್ಲ.

ಮಿನಿಮಲ್‌ನಲ್ಲಿ ಇನ್ನೊಂದು ಗಮನಿಸಬೇಕು. ಇನ್‌ಸ್ಟಾಲ್ ಮಾಡುವಾಗ ರೂಟ್‌ಗೆ (ಎಲ್ಲ ಅಧಿಕಾರವಿರುವ ಯೂಸರ್‌ಗೆ) ಪಾಸ್‌ವರ್ಡ್ ಕೊಟ್ಟಿದ್ದರೆ, ಬೇರೆ ಯೂಸರ್‌ಗೆ ಆ ಅಧಿಕಾರ ಕೊಡುವ ಸುಡೋವನ್ನು ಡೆಬಿಯನ್ ಹಾಕುವುದಿಲ್ಲ. ಕಾಕ್‌ಪಿಟ್ ರೂಟನ್ನು ನೇರ ಒಳಗೆ ಬಿಡುವುದೂ ಇಲ್ಲ. ಹೀಗಾಗಿ ಲಾಗಿನ್ ಆಗುತ್ತದೆ, ಅಡ್ಮಿನ್ ಅಧಿಕಾರ ಮಾತ್ರ ಸಿಗುವುದಿಲ್ಲ. ಸುಡೋ ಹಾಕಿ ನನ್ನ ಯೂಸರನ್ನು ಅದರ ಗ್ರೂಪ್‌ಗೆ ಸೇರಿಸಿದೆ. ಮ್ಯಾನೇಜರಿಗೆ ಬೇರೆ ಯೂಸರ್, ಸುಡೋ ಇಲ್ಲ, ಲಾಗ್ ಕಾಣಲೆಂದು ಸಿಸ್ಟಮ್‌ಡಿ-ಜರ್ನಲ್ ಗ್ರೂಪ್ ಅಷ್ಟೆ.

ಕಾಕ್‌ಪಿಟ್‌ಗಾಗಿ ಸಿಸ್ಟಮ್‌ಡಿ ಕಿವಿಗೊಡುವ ಸಾಕೆಟ್‌ನ ಸೆಟ್ಟಿಂಗನ್ನು ಬದಲಿಸಿ ಹೋಟೆಲಿನ ಒಳಗಿನ ಐಪಿಗೆ ಮಾತ್ರ ಕಟ್ಟಿಹಾಕಿದೆ. ಕಾಕ್‌ಪಿಟ್‌ಗೆಂದು ರೂಟರ್‌ನಲ್ಲಿ ಪೋರ್ಟ್ ತೆರೆಯುವ ಮಾತೇ ಇಲ್ಲ. ಮನೆಯಿಂದ ನೋಡಬೇಕಾದರೆ ಎಸ್‌ಎಸ್‌ಎಚ್ ಟನೆಲ್ ಇದೆ. ಸರ್ಟಿಫಿಕೇಟ್ ತನ್ನದೇ ಸಹಿಯದಾದ್ದರಿಂದ ಬ್ರೌಸರ್ ಮೊದಲಿಗೆ ಕೆಂಪು ಎಚ್ಚರಿಕೆ ತೋರಿಸಿತು. "ವೈರಸ್ ಬಂತಾ?" ಅಂತ ಮ್ಯಾನೇಜರ್ ಗಾಬರಿಯಾದರು.

ಶೆಟ್ರ ಅಂಧೇರಿಯ ಹೋಟೆಲ್‌ನಲ್ಲಿ ಅಲ್ಮಾಲಿನಕ್ಸ್ ಎಂಬ ಇನ್ನೊಂದು ಲಿನಕ್ಸ್ ಇದೆ. ಅಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಮೊದಲಿನಿಂದಲೂ ಕಾರ್ಡ್ ಹಿಡಿದಿರುವುದರಿಂದ ಈ ಆಫ್‌ಲೈನ್ ರಗಳೆ ಇಲ್ಲ. ಆಪ್ಟ್ ಬದಲು ಡಿಎನ್‌ಎಫ್‌ನಿಂದ ಕಾಕ್‌ಪಿಟ್ ಹಾಕಿ, ಸಾಕೆಟ್ ಎನೇಬಲ್ ಮಾಡಿ, ಫೈರ್‌ವಾಲ್‌ಡಿಯಲ್ಲಿ ಕಾಕ್‌ಪಿಟ್ ಸರ್ವಿಸ್‌ಗೆ ದಾರಿ ಬಿಟ್ಟರಾಯಿತು.