ನಾಲ್ಕು ಡಬ್ಬದ ಲೈನ್ ಅರೇ ಕೆಳಗಿಳಿಸಿದ್ದು

ವೇದಿಕೆ ಮೇಲಿನ ಟ್ರಸ್ಸಿನಿಂದ (ಲೋಹದ ಚೌಕಟ್ಟು) ಬಾಳೆಗೊನೆ ಹಾಗೆ ಏನಾದರೂ ನೇತಾಡದಿದ್ದರೆ ಅದು ದೊಡ್ಡ ಸಿಸ್ಟಂ ಅಲ್ಲ ಅನ್ನುವ ನಂಬಿಕೆ ನಮ್ಮ ಸೌಂಡ್ ಕಸುಬಿನಲ್ಲಿ ಗಟ್ಟಿ. ನಾನೂ ಸಾಲ ಮಾಡಿ ಸೈಡಿಗೆ ನಾಲ್ಕರಂತೆ ಎಂಟು ಲೈನ್ ಅರೇ ಡಬ್ಬ (ಒಂದರ ಕೆಳಗೊಂದು ಸಾಲಾಗಿ ತೂಗುಹಾಕುವ ಸ್ಪೀಕರ್) ತಗೊಂಡಿದ್ದೆ. ಅವನ್ನು ಮಾರಿ ಪಾಯಿಂಟ್ ಸೋರ್ಸ್ ಟಾಪ್ (ಒಂದೇ ಬಿಂದುವಿನಿಂದ ಸದ್ದು ಹೊರಡುವಂಥ ಒಂಟಿ ಸ್ಪೀಕರ್) ತರುತ್ತೇನೆ ಅಂದಾಗ ಜೊತೆಯವರು ನಕ್ಕರು.

ನಾಲ್ಕು ಡಬ್ಬ ಸೇರಿದರೆ ಎತ್ತರ ಸುಮಾರು 1.2 ಮೀಟರ್. ಅಷ್ಟು ಗಿಡ್ಡ ಸಾಲು 8 ಕಿಲೋಹರ್ಟ್ಸನ್ನು, ಅಂದರೆ 'ಸ್ಸ್' ಅನ್ನುವ ತೀಕ್ಷ್ಣ ಸದ್ದನ್ನು, ಹೆಚ್ಚುಕಮ್ಮಿ 17 ಮೀಟರ್ ತನಕ ಹಿಡಿದಿಡುತ್ತದೆ. ದೂರ ದುಪ್ಪಟ್ಟಾದರೆ 3 ಡೆಸಿಬೆಲ್ ಇಳಿತ, ಅಷ್ಟೇ. ಗಂಟಲಿನ ಭಾಗವಾದ 1 ಕಿಲೋಹರ್ಟ್ಸ್ ಮಾತ್ರ ಎರಡು ಮೀಟರಿಗೇ ಕೈಬಿಟ್ಟು 6ರಂತೆ ಇಳಿಯುತ್ತದೆ. 25 ಮೀಟರಿನ ಹಾಲಿನಲ್ಲಿ ಹಿಂದೆ ನಿಂತರೆ ಹಾಡುವವರ ಗಂಟಲೇ ಇಲ್ಲ, ಬರೀ 'ಸ್ಸ್'. ಅದಕ್ಕೆ ಇಕ್ಯೂನಲ್ಲಿ ತೀಕ್ಷ್ಣ ಸದ್ದು ತಗ್ಗಿಸಿ ಸರಿ ಮಾಡಿದರೆ ಮುಂದಿನವರಿಗೆ ಮಬ್ಬು. ಎರಡು ವರ್ಷ ಗುದ್ದಾಡಿದೆ.

ಡಬ್ಬ ಮಾರಿದಾಗ ಕೈಗೆ ಬಂದದ್ದು ಕೊಂಡದ್ದರ ಅರ್ಧ. ಅಷ್ಟರಲ್ಲೇ ನಾಲ್ಕು ಟಾಪ್, ಎರಡು ಸಣ್ಣ ಡಿಲೇ (ಹಿಂದಿನವರಿಗಾಗಿ ಚೂರು ತಡವಾಗಿ ನುಡಿಸುವ ಸ್ಪೀಕರ್) ಬಂದವು. ಮೊದಲ ಶೋ ಹಾಳು ಮಾಡಿದ್ದೂ ನಾನೇ. ಜೋರು ಬರಲಿ ಅಂತ ಸೈಡಿಗೆ ಎರಡೆರಡು ಟಾಪ್ ಒತ್ತೊತ್ತಾಗಿ, ಒಂದೇ ದಿಕ್ಕಿಗೆ ಇಟ್ಟೆ. ಎರಡರ ಸದ್ದೂ ಒಂದಕ್ಕೊಂದು ಅಡ್ಡ ಬಂದು, ಹಾಲಿನಲ್ಲಿ ಅಡ್ಡ ನಡೆದರೆ ಹೆಜ್ಜೆಗೊಂದು ಟೋನ್. ಇಂಟರ್ವಲ್ಲಿನಲ್ಲಿ ಒಂದೊಂದನ್ನು ಆಫ್ ಮಾಡಿದೆ. ಸದ್ದು ಕಡಿಮೆಯಾಯಿತು, ಮಾತು ತಿಳಿಯಿತು! ಈಗ ಸೈಡಿಗೆ ಒಂದೇ ಟಾಪ್, ಹಾರ್ನ್ ಕೊನೆಯ ಸಾಲಿನ ಕಡೆಗೆ. 16 ಮೀಟರಿನಲ್ಲಿ ಡಿಲೇ. ಮುಂದಿನ ಸದ್ದು ಅಲ್ಲಿಗೆ ತಲುಪಲು ಲೆಕ್ಕಕ್ಕೆ 47 ಮಿಲಿಸೆಕೆಂಡ್ ಬರುತ್ತದೆ, ನಾನು ಅದರ ಮೇಲೆ ಇನ್ನಷ್ಟು ಹಾಕುತ್ತೇನೆ. ಎಷ್ಟು ಅಂತ ಸದ್ಯಕ್ಕೆ ಹೇಳಲ್ಲ.

ಸಬ್ಬಿನಲ್ಲೂ (ತಗ್ಗು ಸ್ವರದ ಸ್ಪೀಕರ್) ಆಟ ಆಡಿದೆ, ಅದರ ಸದ್ದು ವೇದಿಕೆ ಕಡೆ ಹೋಗದೆ ಮುಂದಕ್ಕೇ ಹೋಗಲಿ ಅಂತ. 60 ಹರ್ಟ್ಸಿಗೆ ಕಾಲು ಅಲೆ ಅಂದರೆ 1.4 ಮೀಟರ್ ಅಂತರದಲ್ಲಿ ನಾಲ್ಕನ್ನು ಒಂದರ ಹಿಂದೊಂದು ಇಟ್ಟು ನೋಡಿದೆ. ಸೊಗಸಾಗಿತ್ತು, ಆದರೆ ವೇದಿಕೆ ಮುಂದಿನ ಜಾಗವೆಲ್ಲ ಅದಕ್ಕೇ ಹೋಯಿತು. ಈಗ ಮೂರು ಸಬ್ ಪೇರಿಸಿ, ನಡುವಿನದನ್ನು ಹಿಂದಕ್ಕೆ ತಿರುಗಿಸಿ, ಪೋಲಾರಿಟಿ (ಕೋನ್ ಮುಂದೆ-ಹಿಂದೆ ಆಡುವ ದಿಕ್ಕು) ಉಲ್ಟಾ ಮಾಡಿ, ಚೂರು ಡಿಲೇ ಕೊಡುತ್ತೇನೆ. ಮುಂದೆ ಒಂದೆರಡು ಡೆಸಿಬೆಲ್ ಹೋಗುತ್ತದೆ, ಹೋಗಲಿ. ವೇದಿಕೆ ಮೇಲೆ ಹತ್ತರ ಹತ್ತಿರ ಇಳಿಯಿತು. ಹಾಡುವ ಮೈಕಿನ ಗುಂಯ್ ನಿಂತೇ ಹೋಯಿತು.

60 ಮೀಟರಿನ ಮೈದಾನ ಅಂದರೆ ಮಾತು ಬೇರೆ. ಆಗ ಸೈಡಿಗೆ ಹನ್ನೆರಡು ಡಬ್ಬ ಬಾಡಿಗೆಗೆ ತರುತ್ತೇನೆ. ಉದ್ದ ಇದ್ದರೇ ಲೈನ್ ಅರೇ, ಅಲ್ವಾ?

ಮೊನ್ನೆ ನಕ್ಕವರಲ್ಲೊಬ್ಬರು ಹಿಂದಿನ ಸಾಲಲ್ಲಿ ಪೂರ್ತಿ ಶೋ ಕೂತರು. ಆಮೇಲೆ ಡಿಲೇ, ಇಕ್ಯೂ ಹೊಂದಿಸುವ ನನ್ನ ಪ್ರೊಸೆಸರ್ ಸ್ಕ್ರೀನಿನ ಫೋಟೋ ತೆಗೆಯಲು ಬಂದರು, ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಡಬ್ಬ ಮೇಲೆತ್ತುತ್ತಿದ್ದ ಚೈನ್ ಮೋಟರ್ ಎರಡೂ ಗೋಡೌನಿನಲ್ಲೇ ಇವೆ. ಅವಕ್ಕೆ ಇನ್ನೂ ಗಿರಾಕಿ ಸಿಕ್ಕಿಲ್ಲ.